ನೆಲದಲ್ಲಿ ಹುದುಗಿದ ಪ್ರಾಚೀನ ಅವಶೇಷಗಳೂ ಅವುಗಳ ರಕ್ಷಣೆಯೂ



ನಮ್ಮ ಹೈಸ್ಕೂಲಿಗೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಿಂದಲೂ ಅವುಗಳ ಸುತ್ತಣ ಹಳ್ಳಿಗಳಿಂದಲೂ ಹೆಣ್ಣುಮಕ್ಕಳು ಕಲಿಯುವದಕ್ಕೆ ಬರುತ್ತಾರೆ. ಬಾದಾಮಿಯ ಮೇಣಬಸದಿಯನ್ನಾಗಲಿ, ಪಟ್ಟದಕಲ್ಲಿನ ಗುಡಿಗಳನ್ನಾಗಲಿ, ಐಹೊಳೆಯ ಶಿಲ್ಪವನ್ನಾಗಲಿ ಒಮ್ಮೆಯೂ ನೋಡದ ಕುಟುಂಬವು ನಮ್ಮ ಈ ಸೀಮೆಯಲ್ಲಿ ವಿರಳವೆಂದೇ ಹೇಳಬೇಕು. ಕಣ್ಣಿಗೆ ಕಾಣುವ ಈ ಕಟ್ಟಡಗಳ ವಿಷಯವಾಗಿ ಪಾಠಪುಸ್ತಕಗಳಲ್ಲಿಯೂ ಪ್ರವಾಸದ ಕೈಪಿಡಿಗಳಲ್ಲಿಯೂ ಸಾಕಷ್ಟು ಬರೆದಿರುತ್ತದೆ. ಆದರೆ ಕಣ್ಣಿಗೆ ಕಾಣದೆ, ಹೊಲದ ಮಣ್ಣಿನ ಕೆಳಗೆ, ಓಣಿಯ ಕೆಳಗೆ, ಒಮ್ಮೊಮ್ಮೆ ನಾವು ಮಲಗುವ ಮನೆಯ ನೆಲಗಟ್ಟಿನ ಕೆಳಗೇ ಹುದುಗಿಕೊಂಡಿರುವ ಕಟ್ಟಡಗಳೂ ಉಂಟು. ಅವುಗಳನ್ನು ಸರಕಾರವು ಯಾಕೆ ರಕ್ಷಿಸುತ್ತದೆ, ಕಾಣದ ವಸ್ತುವಿಗೆ ಕಾಯಿದೆಯ ಬೇಲಿ ಯಾಕೆ ಬೇಕು, ಆ ಬೇಲಿಯ ಒಳಗೆ ವಾಸಮಾಡುವವರ ಪಾಡೇನು ಎಂಬ ಪ್ರಶ್ನೆಗಳನ್ನು ನಮ್ಮ ಮಕ್ಕಳು ಕೇಳುತ್ತಾರೆ. ಅವುಗಳಿಗೆ ತಿಳಿಯಾದ ಉತ್ತರವನ್ನು ಕೊಡುವದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ದೂರದ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬ್ರಿಟನ್ ದೇಶದ ಬಹುಭಾಗವು ಕ್ರಿ. ಶ. ೪೩ನೆಯ ವರುಷದಿಂದ ಸುಮಾರು ೪೧೦ರ ವರೆಗೆ ರೋಮನರ ಆಳಿಕೆಯಲ್ಲಿತ್ತು. ರೋಮನರು ತಾವು ಹೋದಲ್ಲೆಲ್ಲ ಸ್ನಾನಗೃಹಗಳನ್ನು ಕಟ್ಟಿಸಿದರು. ದಂಡಿನ ಠಾಣೆಗಳ ಹತ್ತಿರ, ಪಟ್ಟಣಗಳ ನಡುವೆ, ಶ್ರೀಮಂತರ ಹೊಲಮನೆಗಳಲ್ಲಿ ಸ್ನಾನಗೃಹವು ಇದ್ದೇ ಇರುತ್ತಿತ್ತು. ಅದು ಮೈ ತೊಳೆಯುವ ಸ್ಥಳ ಮಾತ್ರವಾಗಿರದೆ, ಊರವರು ಕೂಡುವ, ಮಾತಾಡುವ, ವ್ಯವಹಾರ ಕುದುರಿಸುವ ಚಾವಡಿಯೂ ಆಗಿತ್ತು.

ಆ ಸ್ನಾನಗೃಹದ ರಚನೆಯು ತಿಳಿದುಕೊಳ್ಳತಕ್ಕದ್ದಾಗಿದೆ. ನಾವು ಬಚ್ಚಲಲ್ಲಿ ಹಂಡೆಯ ಕೆಳಗೆ ಉರಿ ಹಾಕಿ ನೀರನ್ನಷ್ಟೇ ಕಾಯಿಸುತ್ತೇವೆ. ರೋಮನರಾದರೋ ಕೋಣೆಯನ್ನೇ ಕಾಯಿಸುತ್ತಿದ್ದರು. ನೆಲವನ್ನು ಮಣ್ಣಿನ ಮೇಲೆ ಹಾಸದೆ, ಚಿಕ್ಕ ಚಿಕ್ಕ ಇಟ್ಟಿಗೆಯ ಕಂಬಗಳ ಸಾಲಿನ ಮೇಲೆ ಎತ್ತಿ ಹಾಸುತ್ತಿದ್ದರು. ಆ ಕಂಬಗಳು ಸುಮಾರು ಎರಡು ಅಡಿ ಎತ್ತರವಿರಬೇಕೆಂದು ವಿಟ್ರೂವಿಯಸ್ ಎಂಬ ರೋಮನ್ ವಾಸ್ತುಶಾಸ್ತ್ರಜ್ಞನು ಬರೆದಿಟ್ಟಿದ್ದಾನೆ. ಗೋಡೆಯ ಹೊರಗೆ ಒಂದು ದೊಡ್ಡ ಒಲೆ. ಅದರಲ್ಲಿ ಕಟ್ಟಿಗೆ ಉರಿಸಿದರೆ ಬಿಸಿ ಗಾಳಿಯು ನೆಲದ ಕೆಳಗಿನ ಆ ಟೊಳ್ಳಿನಲ್ಲಿ ಹರಿದು, ಗೋಡೆಯೊಳಗೆ ಕೂಡಿಸಿದ ಮಣ್ಣಿನ ಕೊಳವೆಗಳ ಮೂಲಕ ಮೇಲೇರಿ ಹೊರಗೆ ಹೋಗುತ್ತಿತ್ತು. ಹೀಗೆ ನೆಲವೂ ಗೋಡೆಯೂ ಒಟ್ಟಿಗೆ ಬಿಸಿಯಾಗುತ್ತಿದ್ದವು. ಈ ಏರ್ಪಾಡಿಗೆ ಹೈಪೊಕಾಸ್ಟ್ ಎಂದು ಹೆಸರು. ಒಲೆಗೆ ಅತಿ ಸಮೀಪದ ಕೋಣೆಯು ಬಿಸಿಯ ಕೋಣೆ, ಅದರ ಆಚೆಯದು ಬೆಚ್ಚನೆಯ ಕೋಣೆ, ಎಲ್ಲಕ್ಕೂ ಆಚೆಯದು ತಣ್ಣೀರಿನ ಕೋಣೆ. ಸ್ನಾನಕ್ಕೆ ಬಂದವರು ಮೈಗೆ ಎಣ್ಣೆ ಹಚ್ಚಿಕೊಂಡು, ಬೆವರು ಬಂದ ಬಳಿಕ ಬಾಗಿದ ಲೋಹದ ಕೆರೆಗತ್ತಿಯಿಂದ ಎಣ್ಣೆಯನ್ನೂ ಕೊಳೆಯನ್ನೂ ಕೆರೆದು ತೆಗೆಯುತ್ತಿದ್ದರು. ಎಣ್ಣೆಸ್ನಾನದ ಪದ್ಧತಿಯುಳ್ಳ ನಮ್ಮ ಜನರಿಗೆ ಇದು ಅಷ್ಟೊಂದು ಅಪರಿಚಿತವಾಗಿ ತೋರಲಾರದು.

ರೋಮನರ ಆಳಿಕೆಯು ಮುಗಿದ ಮೇಲೆ ಈ ಕಟ್ಟಡಗಳ ಮಾಳಿಗೆಗಳು ಕುಸಿದವು. ಗೋಡೆಯ ಕಲ್ಲುಗಳನ್ನು ಜನರು ತಮ್ಮ ಮನೆಗಳಿಗೂ ದೇವಾಲಯಗಳಿಗೂ ಒಯ್ದರು. ಉಳಿದ ತಳಭಾಗದ ಮೇಲೆ ಮಣ್ಣು ಕೂತು ಹುಲ್ಲು ಬೆಳೆಯಿತು. ಹೀಗಾಗಿ ಅಲ್ಲಿಯ ಎಷ್ಟೋ ಸ್ನಾನಗೃಹಗಳು ಇಂದು ಬರಿಯ ಹೊಲಗಳಂತೆ ಕಾಣುತ್ತವೆ. ಆದರೂ ನೆಲದ ಗುಟ್ಟನ್ನು ಪೈರು ಹೊರಗೆ ಹಾಕುತ್ತದೆ. ಮಳೆ ಕಡಿಮೆಯಾದ ವರುಷ, ಗೋಡೆಯ ಮೇಲಿನ ತೆಳು ಮಣ್ಣಿನಲ್ಲಿ ನಿಂತ ಪೈರು ಗಿಡ್ಡಾಗಿ ಬೇಗನೆ ಹಳದಿಗೆ ತಿರುಗುತ್ತದೆ. ಹಳೆಯ ಕಂದಕದ ಮೇಲಿನ ಆಳವಾದ ಮಣ್ಣಿನಲ್ಲಿ ನಿಂತದ್ದು ಎತ್ತರವಾಗಿ ಹಸುರಾಗಿರುತ್ತದೆ. ವಿಮಾನದಿಂದ ನೋಡಿದಾಗ ಕೋಣೆಕೋಣೆಯಾಗಿ ಇಡೀ ಕಟ್ಟಡದ ನಕ್ಷೆಯೇ ಹೊಲದಲ್ಲಿ ಬರೆದಂತೆ ತೋರುವದುಂಟು. ಇಂಥ ಹೊಲಗಳಲ್ಲಿ ಎಷ್ಟನ್ನೋ ಬ್ರಿಟನ್ ಸರಕಾರವು ರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ೧೯೭೯ರ ಕಾಯಿದೆಯ ಮೇರೆಗೆ ಪಟ್ಟಿಯಲ್ಲಿರುವ ಸ್ಥಳವನ್ನು ಸರಕಾರದ ಒಪ್ಪಿಗೆಯಿಲ್ಲದೆ ಅಗೆಯಬಾರದು. ನೆಲದಲ್ಲಿರುವ ಲೋಹವನ್ನು ಹುಡುಕುವ ಯಂತ್ರವನ್ನು ಸಹ ಅಪ್ಪಣೆಯಿಲ್ಲದೆ ಅಲ್ಲಿಗೆ ಒಯ್ಯಬಾರದು. ಅಲ್ಲಿ ನೋಡಲಿಕ್ಕೆ ಏನೂ ಇಲ್ಲ. ಆದರೂ ರಕ್ಷಣೆ ಉಂಟು.

ಅಗೆದು ತೆಗೆದು ಎಲ್ಲರಿಗೂ ತೋರಿಸಬಾರದೇ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವು ಮೊಹೆಂಜೊದಾರೋದಲ್ಲಿ ದೊರೆಯುತ್ತದೆ. ಈಗ ಪಾಕಿಸ್ತಾನಕ್ಕೆ ಸೇರಿದ ಸಿಂಧ ಪ್ರಾಂತದ ಆ ಸ್ಥಳದಲ್ಲಿ ೧೯೨೦ರ ದಶಕದಲ್ಲಿ ಉತ್ಖನನವು ನಡೆದಾಗ, ರೋಮನರಿಗಿಂತ ಎರಡು ಸಾವಿರ ವರುಷ ಹಿಂದಿನ ಒಂದು ದೊಡ್ಡ ಸ್ನಾನಕುಂಡವು ಹೊರಬಿತ್ತು. ಸುಮಾರು ೧೨ ಮೀಟರ್ ಉದ್ದ, ೭ ಮೀಟರ್ ಅಗಲ, ೨.೪ ಮೀಟರ್ ಆಳ. ಸುಟ್ಟ ಇಟ್ಟಿಗೆಗಳನ್ನು ಒತ್ತಾಗಿ ಜೋಡಿಸಿ, ನೀರು ಜಿನುಗದಂತೆ ಡಾಂಬರಿನ ಪದರವನ್ನು ಕೊಟ್ಟು ಕಟ್ಟಿದ ಕುಂಡವದು. ಸಾವಿರಾರು ವರುಷ ಮಣ್ಣಿನಲ್ಲಿ ಕೆಡದೆ ಇದ್ದ ಆ ಊರಿನ ಇಟ್ಟಿಗೆಗಳು, ಹೊರಬಿದ್ದ ನೂರು ವರುಷಗಳೊಳಗೆ ಸವೆಯುತ್ತ ಬಂದಿವೆ. ಯಾಕಂದರೆ ನೆಲದ ನೀರಿನಲ್ಲಿ ಕರಗಿದ ಉಪ್ಪು ಇಟ್ಟಿಗೆಯೊಳಗೆ ಏರುತ್ತದೆ. ನೀರು ಬಿಸಿಲಿಗೆ ಆರಿದಾಗ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಹಿಟ್ಟುಮಾಡುತ್ತದೆ. ಮಣ್ಣು ಹೊದಿಕೆಯಾಗಿರುವ ವರೆಗೆ ಬಿಸಿಲು, ಮಳೆ, ಗಾಳಿ, ಬೇರು, ಕಾಲ್ತುಳಿತ ಇವು ಯಾವವೂ ಅವಶೇಷವನ್ನು ಮುಟ್ಟಲಾರವು. ಆದಕಾರಣ ಅಗೆಯುವ ಮೊದಲು, ಅಗೆದದ್ದನ್ನು ಕಾಪಾಡುವ ಶಕ್ತಿ ನಮಗುಂಟೋ ಎಂದು ಕೇಳಿಕೊಳ್ಳುವದು ಅವಶ್ಯ. ಶಕ್ತಿಯಿಲ್ಲದಿದ್ದರೆ ಮಣ್ಣಿಗಿಂತ ಒಳ್ಳೆಯ ಕಾವಲುಗಾರನಿಲ್ಲ.

ಇನ್ನೊಂದು ಪಾಠವು ಹರಪ್ಪಾದ್ದು. ೧೮೫೦ರ ದಶಕದಲ್ಲಿ ಲಾಹೋರ ಮುಲ್ತಾನಗಳ ನಡುವೆ ರೈಲುದಾರಿಯನ್ನು ಹಾಕುತ್ತಿದ್ದಾಗ, ದಾರಿಯ ತಳಕ್ಕೆ ಹಾಸಲು ಕಲ್ಲು ಸಿಕ್ಕದೆ, ಗುತ್ತಿಗೆದಾರರು ಹರಪ್ಪಾದ ದಿಬ್ಬಗಳಿಂದ ಹಳೆಯ ಇಟ್ಟಿಗೆಗಳನ್ನು ಬಂಡಿ ಬಂಡಿಯಾಗಿ ಹೇರಿಸಿದರು. ಸುಮಾರು ನೂರು ಮೈಲಿಗಳ ದಾರಿಗೆ ಅವು ಸಾಕಾದವೆಂದು ಭಾರತೀಯ ಪುರಾತತ್ತ್ವ ಇಲಾಖೆಯ ಮೊದಲನೆಯ ಅಧಿಕಾರಿಯಾದ ಅಲೆಕ್ಸಾಂಡರ್ ಕನ್ನಿಂಗಹ್ಯಾಮರು ಬರೆದಿದ್ದಾರೆ. ಆ ಇಟ್ಟಿಗೆಗಳು ನಾಲ್ಕು ಸಾವಿರ ವರುಷಗಳ ಹಿಂದಿನವೆಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಅದು ಹೊಳೆಯುವಷ್ಟರಲ್ಲಿ ಒಂದು ಪಟ್ಟಣದ ಬಹುಭಾಗವು ರೈಲುಗಾಡಿಯ ಕೆಳಗೆ ಪುಡಿಯಾಗಿ ಹೋಗಿತ್ತು.

ಈಗ ನಮ್ಮ ಸೀಮೆಗೆ ಬರೋಣ. ರೋಮನರು ಇಲ್ಲಿಗೆ ಬಂದು ಸ್ನಾನಗೃಹವನ್ನು ಕಟ್ಟಲಿಲ್ಲ. ಆದರೂ ಈ ನಾಡು ಅವರಿಗೆ ತೀರ ಅಪರಿಚಿತವಾಗಿರಲಿಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಬಳಿಯ ಯಶವಂತಪುರದಲ್ಲಿಯೂ ರೋಮನ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ನೆಲದಲ್ಲಿ ದೊರೆತಿವೆ. ಅವುಗಳಲ್ಲಿ ಔಗುಸ್ತನದೂ ತಿಬೇರಿಯನದೂ ಇವೆ. ಈ ಇಬ್ಬರ ಹೆಸರುಗಳನ್ನು ನಮ್ಮ ಮಕ್ಕಳು ಲೂಕನ ಸುವಾರ್ತೆಯಲ್ಲಿ ಓದಿರುತ್ತಾರೆ. ಕ್ರಿಸ್ತಶಕ ಎರಡನೆಯ ಶತಮಾನದ ಭೂಗೋಲಜ್ಞನಾದ ಟಾಲೆಮಿಯು ಬಾದಿಯಮೈ ಎಂದು ಹೆಸರಿಸಿದ ಊರನ್ನು ವಿದ್ವಾಂಸರು ನಮ್ಮ ಬಾದಾಮಿಯೆಂದು ಗುರುತಿಸಿದ್ದಾರೆ. ಚಾಲುಕ್ಯರ ಒಂದನೆಯ ಪುಲಕೇಶಿಯು ಕ್ರಿ. ಶ. ೫೪೩ರಲ್ಲಿ ಬಾದಾಮಿಯ ಬೆಟ್ಟವನ್ನು ಕೋಟೆಯಾಗಿ ಮಾಡಿದನೆಂದು ಅಲ್ಲಿಯ ಬಂಡೆಯ ಶಾಸನವು ಹೇಳುತ್ತದೆ. ಅಂದರೆ ಟಾಲೆಮಿಯ ಮಾತು ಆ ಕೋಟೆಗಿಂತ ನಾಲ್ಕುನೂರು ವರುಷ ಹಿಂದಿನದು.

ಆ ನಾಲ್ಕುನೂರು ವರುಷಗಳ ಕಾಲ ಇಲ್ಲಿ ಯಾರಿದ್ದರು, ಏನು ಕಟ್ಟಿದರು? ಚಾಲುಕ್ಯರ ಕಲ್ಲುಗಳು ಇದನ್ನು ಹೇಳಲಾರವು. ಅದನ್ನು ಹೇಳತಕ್ಕದ್ದು ನೆಲ ಮಾತ್ರ. ಹುನಗುಂದ ತಾಲೂಕಿನ ಐಹೊಳೆಯಲ್ಲಿ ನೆಲವು ಸ್ವಲ್ಪ ಬಾಯಿ ಬಿಟ್ಟಿದೆ. ಅಲ್ಲಿಯ ಅಂಬಿಗೇರ ಗುಡಿಯ ಹತ್ತಿರ ೧೯೭೦ರ ದಶಕದಲ್ಲಿ ಪುರಾತತ್ತ್ವ ಇಲಾಖೆಯವರು ಸಣ್ಣ ಪ್ರಮಾಣದ ಉತ್ಖನನವನ್ನು ನಡೆಸಿದರು. ಗುಜರಾತದ ಲೋಥಲ್ಲಿನಲ್ಲಿ ಹರಪ್ಪಾ ಕಾಲದ ಊರನ್ನು ಅಗೆಸಿ ಹೆಸರಾದ ಕನ್ನಡಿಗರಾದ ಎಸ್. ಆರ್. ರಾವ್ ಅವರು ಇದರ ಮುಂದಾಳುಗಳಾಗಿದ್ದರು. ಕಲ್ಲಿನ ಗುಡಿಯ ತಳಪಾಯದ ಬಳಿಯಲ್ಲಿ ಕ್ರಿಸ್ತಶಕ ಒಂದನೆಯ ಶತಮಾನದಿಂದ ಮೂರನೆಯ ಶತಮಾನದೊಳಗಿನವೆಂದು ಎಣಿಸಲಾದ ಕೆಂಪು ಮಡಕೆಯ ಚೂರುಗಳು ದೊರೆತವು. ಅದರೊಂದಿಗೆ ಇಟ್ಟಿಗೆಯಿಂದ ಕಟ್ಟಿದ, ಒಂದೇ ಗರ್ಭಗೃಹವುಳ್ಳ ಒಂದು ಚಿಕ್ಕ ಗುಡಿಯ ಅವಶೇಷವೂ ಕಾಣಿಸಿತು. ಮಣ್ಣಿನ ಇಟ್ಟಿಗೆಯ ಗುಡಿಯು ಮೊದಲು. ಕಲ್ಲಿನ ಗುಡಿಯು ಆಮೇಲೆ.

ಈ ಚಿಕ್ಕ ಗುಡಿಯ ಬೆಲೆಯೆಷ್ಟೆಂಬುದನ್ನು ಆಲೋಚಿಸಿರಿ. ಭಾರತದ ದೇವಾಲಯ ವಾಸ್ತುಶಿಲ್ಪದ ತೊಟ್ಟಿಲೆಂದು ಐಹೊಳೆಯನ್ನು ಕರೆಯುವದು ವಾಡಿಕೆ. ಊರಿನ ಒಳಗೂ ಸುತ್ತಲೂ ನೂರಕ್ಕೂ ಮಿಕ್ಕಿ ಗುಡಿಗಳಿವೆ. ಮೇಗುತಿಯ ಗುಡ್ಡದ ಜಿನಾಲಯದಲ್ಲಿ ಕವಿ ರವಿಕೀರ್ತಿಯು ಶಕವರ್ಷ ೫೫೬ರಲ್ಲಿ, ಅಂದರೆ ಕ್ರಿ. ಶ. ೬೩೪ರ ಸುಮಾರಿಗೆ, ಇಮ್ಮಡಿ ಪುಲಕೇಶಿಯ ಪ್ರತಾಪವನ್ನು ಬರೆಯಿಸಿದ ಶಾಸನವು ಇಂದಿಗೂ ಇದೆ. ಇಷ್ಟೆಲ್ಲ ಕಲ್ಲುಕೆಲಸವು ಒಮ್ಮೆಲೇ ಹುಟ್ಟಲಿಲ್ಲ. ಅದಕ್ಕೆ ಮುಂಚೆ ಇಟ್ಟಿಗೆಯಲ್ಲಿಯೂ ಮರದಲ್ಲಿಯೂ ಕಟ್ಟಿ ಕೈ ಪಳಗಿಸಿಕೊಂಡವರು ಇದ್ದರು. ಲಾಡಖಾನ ಗುಡಿಯ ಕಲ್ಲಿನ ಮಾಳಿಗೆಯ ಮೇಲೆ ಚಪ್ಪಡಿಗಳ ಸಂದುಗಳನ್ನು ಮರದ ತೊಲೆಗಳಂತೆ ಕೆತ್ತಿದ ಉದ್ದನೆಯ ಕಲ್ಲಿನ ಪಟ್ಟಿಗಳಿಂದ ಮುಚ್ಚಿರುವದನ್ನು ನೋಡಿದವರಿಗೆ ಈ ಮಾತು ಚೆನ್ನಾಗಿ ತಿಳಿಯುವದು. ಮರವು ನಶಿಸಿ ಹೋಯಿತು. ಇಟ್ಟಿಗೆಯು ನೆಲದಲ್ಲಿ ಉಳಿದಿದೆ. ರೋಮನರು ಬ್ರಿಟನ್ನಿನಲ್ಲಿ ಇಟ್ಟಿಗೆಯ ಕಂಬಗಳ ಮೇಲೆ ಬಿಸಿ ನೆಲವನ್ನು ಹಾಸುತ್ತಿದ್ದ ಹೊತ್ತಿನಲ್ಲಿಯೇ ಮಲಪ್ರಭೆಯ ದಂಡೆಯಲ್ಲಿ ಆ ಕೆಂಪು ಮಡಕೆಯಲ್ಲಿ ಅಡಿಗೆ ಮಾಡಿದ ತಾಯಂದಿರಿದ್ದರು.

ಇಲ್ಲಿ ನಮ್ಮ ಸ್ನಾನದ ಸ್ಥಳಗಳ ವಿಷಯವಾಗಿ ಒಂದು ಮಾತು. ಬಾದಾಮಿಯ ಅಗಸ್ತ್ಯತೀರ್ಥ, ಮಹಾಕೂಟದ ಪುಷ್ಕರಿಣಿ, ಬನಶಂಕರಿಯ ಹರಿದ್ರಾತೀರ್ಥ, ಐಹೊಳೆಯ ಹುಚ್ಚಿಮಲ್ಲಿ ಗುಡಿಯ ಬಳಿಯ ಮೆಟ್ಟಿಲಬಾವಿ ಇವೆಲ್ಲ ಆಕಾಶಕ್ಕೆ ತೆರೆದ ಜಲಾಶಯಗಳು. ಶೀತದೇಶದವರು ಬಿಸಿಯನ್ನು ಅರಸಿದರು. ನಮ್ಮ ಬಿಸಿಲುನಾಡಿನವರು ತಂಪನ್ನು ಅರಸಿದರು. ಇವು ತಲೆಮಾರಿನಿಂದ ತಲೆಮಾರಿಗೆ ಬಳಕೆಯಲ್ಲಿ ಇದ್ದದರಿಂದ ಜನರೇ ಹೂಳೆತ್ತಿ ಮೆಟ್ಟಿಲು ಸರಿಪಡಿಸಿ ಉಳಿಸಿಕೊಂಡು ಬಂದರು. ಬಳಕೆಯು ಒಂದು ಬಗೆಯ ಕಾವಲು. ಹುದುಗಿರುವದು ಇನ್ನೊಂದು ಬಗೆಯ ಕಾವಲು. ಬಳಕೆಯೂ ತಪ್ಪಿ, ಮಣ್ಣಿನ ಹೊದಿಕೆಯೂ ಹರಿದು, ನಡುವೆ ನಿಂತ ಕಟ್ಟಡವೇ ಬೇಗನೆ ಹಾಳಾಗುತ್ತದೆ.

ಹುದುಗಿದ ಅವಶೇಷವನ್ನು ಅರ್ಧಮರ್ಧ ಅಗೆಯುವದು ಯಾಕೆ ಕೆಟ್ಟದ್ದೆಂಬುದನ್ನು ಇಳಕಲ್ಲಿನವರಿಗೆ ಬೇಗನೆ ತಿಳಿಸಬಹುದು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಆ ಕೊಂಡಿಯು ಕಡಿದರೆ ಒಡಲೂ ಸೆರಗೂ ಇದ್ದರೂ ಸೀರೆಯು ಇಲ್ಲ. ನೆಲದಲ್ಲಿಯೂ ಒಂದು ಕಾಲದ ಮಣ್ಣಿನ ಪದರಿನ ಮೇಲೆ ಇನ್ನೊಂದು ಕಾಲದ ಪದರು ಕೂತಿರುತ್ತದೆ. ಮಡಕೆಯ ಚೂರು ಯಾವ ಪದರಿನಲ್ಲಿತ್ತು, ಇಟ್ಟಿಗೆಯು ಅದರ ಮೇಲಿತ್ತೋ ಕೆಳಗಿತ್ತೋ ಎಂಬ ಸಂಬಂಧದಿಂದಲೇ ಪಂಡಿತರು ಕಾಲವನ್ನು ಗೊತ್ತುಮಾಡುತ್ತಾರೆ. ಗುದ್ದಲಿಯಿಂದ ಎಲ್ಲವನ್ನೂ ಎತ್ತಿ ಹಾಕಿದ ಮೇಲೆ ಚೂರೂ ಇಟ್ಟಿಗೆಯೂ ಕೈಯಲ್ಲಿ ಉಳಿಯುವವು. ಅವುಗಳ ಮಾತು ನಿಂತುಹೋಗುವದು. ಶಾಲೆಯ ವಸ್ತುಸಂಗ್ರಹಕ್ಕೆಂದು ಹಳೆಯ ಚೂರನ್ನು ಆಯ್ದು ತರುವ ಮಕ್ಕಳಿಗೆ ಹೇಳತಕ್ಕ ಮಾತೂ ಇದೇ: ನೋಡಿರಿ, ಚಿತ್ರ ಬರೆದುಕೊಳ್ಳಿರಿ, ಇದ್ದಲ್ಲಿಯೇ ಬಿಡಿರಿ.

ಇನ್ನು ಕಾಯಿದೆಯ ವಿಷಯ. ಪ್ರಾಚೀನ ಸ್ಮಾರಕಗಳನ್ನು ರಕ್ಷಿಸುವ ಮೊದಲನೆಯ ವ್ಯಾಪಕವಾದ ಕಾಯಿದೆಯು ಭಾರತದಲ್ಲಿ ೧೯೦೪ರಲ್ಲಿ, ಲಾರ್ಡ್ ಕರ್ಜನ್ನರ ಕಾಲದಲ್ಲಿ ಆಯಿತು. ಈಗ ನಡೆಯುತ್ತಿರುವದು ೧೯೫೮ರ ಪ್ರಾಚೀನ ಸ್ಮಾರಕಗಳ ಮತ್ತು ಪುರಾತತ್ತ್ವ ಸ್ಥಳಗಳ ಹಾಗೂ ಅವಶೇಷಗಳ ಕಾಯಿದೆ. ಇದರ ಮೇಲೆ ನಮ್ಮ ರಾಜ್ಯಕ್ಕೆ ೧೯೬೧ರ ಬೇರೊಂದು ಕಾಯಿದೆಯೂ ಇದೆ. ೧೯೫೮ರ ಕಾಯಿದೆಯು ಪುರಾತತ್ತ್ವ ಸ್ಥಳವೆಂಬ ಮಾತಿಗೆ ಕೊಟ್ಟ ಅರ್ಥವನ್ನು ಗಮನಿಸಬೇಕು. ನೂರು ವರುಷಕ್ಕೆ ಕಡಿಮೆಯಿಲ್ಲದ ಐತಿಹಾಸಿಕ ಅವಶೇಷಗಳು ಇರುವ ಭೂಮಿ ಮಾತ್ರವಲ್ಲದೆ, ಅವು ಇವೆಯೆಂದು ಯುಕ್ತವಾಗಿ ನಂಬಬಹುದಾದ ಭೂಮಿಯೂ ಅದರಲ್ಲಿ ಸೇರುತ್ತದೆ. ಹೀಗೆ ಕಾಣದ ಇಟ್ಟಿಗೆಗೂ ಕಾಯಿದೆಯಲ್ಲಿ ಸ್ಥಾನ ದೊರೆತಿದೆ.

ರಕ್ಷಿತ ಪ್ರದೇಶದಲ್ಲಿ ಭೂಮಿಯ ಒಡೆಯನೇ ಆದರೂ ಅಪ್ಪಣೆಯಿಲ್ಲದೆ ಕಟ್ಟಡ ಕಟ್ಟಬಾರದು, ಗಣಿ ತೋಡಬಾರದು, ಕಲ್ಲು ಒಡೆಯಬಾರದು, ಸಿಡಿಮದ್ದು ಹಾರಿಸಬಾರದು. ಆದರೆ ಒಕ್ಕಲುತನವನ್ನು ಕಾಯಿದೆಯು ಮರೆತಿಲ್ಲ. ಮೇಲಿನ ಒಂದು ಅಡಿಗಿಂತ ಆಳಕ್ಕೆ ಅಗೆಯದೆ ಸಾಗುವಳಿ ಮಾಡುವದಕ್ಕೆ ಅಡ್ಡಿಯಿಲ್ಲ. ಜೋಳ, ಸಜ್ಜೆ, ಕಡಲೆಗಳನ್ನು ಬಿತ್ತುವ ರೈತನೂ ನೆಲದ ಕೆಳಗಿನ ಗುಡಿಯೂ ಆ ಒಂದು ಅಡಿ ಮಣ್ಣಿನ ಮರ್ಯಾದೆಯಿಂದ ಒಟ್ಟಿಗೆ ಬಾಳಬಹುದು. ಇದಲ್ಲದೆ ೨೦೧೦ರ ತಿದ್ದುಪಡಿಯ ಮೇರೆಗೆ ರಕ್ಷಿತ ಸ್ಮಾರಕದ ಎಲ್ಲೆಯಿಂದ ಸುತ್ತಲೂ ೧೦೦ ಮೀಟರ್ ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರ ಆಚೆಗೆ ಇನ್ನೂ ೨೦೦ ಮೀಟರ್ ವರೆಗೆ ಅಪ್ಪಣೆ ಪಡೆದೇ ಕಟ್ಟಬೇಕು. ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರುಷಗಳ ವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಗಳ ವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು.

ಇಲ್ಲಿಯೇ ನಮ್ಮ ಜನರ ನಿಜವಾದ ಕಷ್ಟವು ಆರಂಭವಾಗುತ್ತದೆ. ಇದನ್ನು ಮುಚ್ಚಿಟ್ಟು ಪರಂಪರೆಯ ಹೊಗಳಿಕೆಯನ್ನು ಮಾತ್ರ ಹಾಡುವದು ನ್ಯಾಯವಾಗಲಾರದು. ಐಹೊಳೆಯಂಥ ಊರಿನಲ್ಲಿ ಗುಡಿಯೊಂದಿದ್ದು ಊರು ದೂರವಿರುವದಿಲ್ಲ. ಗುಡಿಗಳ ನಡುವೆಯೇ ಓಣಿಗಳಿವೆ. ಲಾಡಖಾನ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ ಎಂಬ ಹೆಸರುಗಳೇ ಅಲ್ಲಿ ಬಾಳಿದ ಮನೆತನಗಳ ನೆನಪನ್ನು ಉಳಿಸಿಕೊಂಡಿವೆ. ಹಿಂದೆ ಗುಡಿಗಳೊಳಗೂ ಜನರು ಒಲೆ ಹಚ್ಚಿ ಸಂಸಾರ ಮಾಡಿದರು. ನೂರು ಮೀಟರ್ ಎಂಬ ಗೆರೆಯನ್ನು ಇಂಥ ಊರಿನಲ್ಲಿ ಎಳೆದರೆ ಬಹುಪಾಲು ಊರೇ ಅದರೊಳಗೆ ಬರುತ್ತದೆ. ಮಗನ ಮದುವೆಗೆ ಒಂದು ಕೋಣೆಯನ್ನು ಹೆಚ್ಚಿಸಬೇಕೆಂದರೂ, ಹೆಣ್ಣುಮಕ್ಕಳಿಗೆ ಬಚ್ಚಲನ್ನು ಕಟ್ಟಿಸಬೇಕೆಂದರೂ, ಮಳೆಗೆ ಬಿದ್ದ ಗೋಡೆಯನ್ನು ಎಬ್ಬಿಸಬೇಕೆಂದರೂ ಅರ್ಜಿಯನ್ನು ಹಿಡಿದು ಅಲೆಯಬೇಕಾಗುತ್ತದೆ. ಊರನ್ನೇ ಬೇರೆಡೆಗೆ ಸಾಗಿಸುವ ಮಾತು ಬಹುಕಾಲದಿಂದ ನಡೆದಿದೆ. ಮಾತು ನಡೆದಿರುವ ವರೆಗೆ ಹಳೆಯ ಮನೆಯನ್ನು ಸುಧಾರಿಸಲೂ ಮನಸ್ಸಾಗದು. ಹೊಸ ಮನೆಯೂ ಕಣ್ಣಿಗೆ ಕಾಣದು.

ಬಾಗಲಕೋಟೆಯವರಿಗೆ ಈ ನೋವನ್ನು ವಿವರಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರು ಏರಿದಾಗ ಹಳೆಯ ಊರಿನ ಎಷ್ಟೋ ಓಣಿಗಳು ಮುಳುಗಿದವು. ಜನರು ನವನಗರಕ್ಕೆ ಬಂದು ಸೆಕ್ಟರುಗಳಲ್ಲಿ ಹೊಸ ಸಂಸಾರವನ್ನು ಹೂಡಿದರು. ಹುಟ್ಟಿದ ಮನೆಯ ಹೊಸ್ತಿಲು ನೀರಿನ ಕೆಳಗಿದೆಯೆಂದು ಬಲ್ಲ ತಾಯಿಗೆ, ಕಾಣದೆ ಹೋದದ್ದೂ ತನ್ನದೇ ಎಂಬ ಭಾವನೆಯನ್ನು ಯಾವ ಪಂಡಿತನೂ ಕಲಿಸಬೇಕಾಗಿಲ್ಲ. ಇಟ್ಟಿಗೆಯ ಗುಡಿಯನ್ನು ಕಟ್ಟಿದವರಿಗೂ ಇಂಥ ಹೊಸ್ತಿಲುಗಳಿದ್ದವು. ನೆಲದಲ್ಲಿ ಹುದುಗಿದ್ದನ್ನು ಗೌರವಿಸುವದೂ, ನೆಲದ ಮೇಲೆ ಬಾಳುವವರನ್ನು ಗೌರವಿಸುವದೂ ಒಂದೇ ಧರ್ಮದ ಎರಡು ಮುಖಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಸಾಧಿಸಲಾಗದು.

ಆದದರಿಂದ ಪಾಲಕರು ಕಾಯಿದೆಯ ಕಠಿಣವಾದ ಭಾಗದೊಂದಿಗೆ ಅದು ಕೊಟ್ಟಿರುವ ಸವಲತ್ತುಗಳನ್ನೂ ತಿಳಿದಿರಬೇಕು. ನೂರು ಮೀಟರಿನೊಳಗೂ, ೧೯೯೨ನೆಯ ಜೂನ್ ೧೬ಕ್ಕೆ ಮುಂಚೆ ಕಟ್ಟಿದ ಮನೆಯನ್ನು, ಇಲ್ಲವೆ ಆ ಬಳಿಕ ಅಪ್ಪಣೆ ಪಡೆದು ಕಟ್ಟಿದ ಮನೆಯನ್ನು, ಸಮರ್ಥ ಅಧಿಕಾರಿಯ ಒಪ್ಪಿಗೆಯಿಂದ ದುರಸ್ತಿ ಮಾಡಿಸಿಕೊಳ್ಳಬಹುದು. ಸಾರ್ವಜನಿಕ ಚರಂಡಿ, ಶೌಚಾಲಯ, ಕುಡಿಯುವ ನೀರು, ವಿದ್ಯುತ್ತು ಇವುಗಳ ಕೆಲಸವನ್ನು ಕಾಯಿದೆಯು ಹೊಸ ಕಟ್ಟಡವೆಂದು ಎಣಿಸುವದಿಲ್ಲ. ಅರ್ಜಿಗೆ ಉತ್ತರ ಕೊಡತಕ್ಕ ಅವಧಿಯನ್ನೂ ಕಾಯಿದೆಯೇ ಗೊತ್ತುಮಾಡಿದೆ. ಓದು ಬಲ್ಲ ನಮ್ಮ ಪೂರ್ವವಿದ್ಯಾರ್ಥಿನಿಯರು ತಮ್ಮ ಓಣಿಯ ಬಡ ಕುಟುಂಬಗಳಿಗೆ ಇಂಥ ಅರ್ಜಿಯನ್ನು ಬರೆದುಕೊಟ್ಟು, ಉತ್ತರ ಬರುವ ವರೆಗೆ ಬೆನ್ನು ಹಿಡಿದರೆ, ಅದು ಪುಣ್ಯದ ಕೆಲಸವೇ ಆಗುವದು. ಅಧಿಕಾರಿಗಳಾದರೂ ಇದನ್ನು ಮರೆಯಬಾರದು: ಯಾವ ಕುಟುಂಬವು ತನ್ನ ಅನುಕೂಲವನ್ನು ಬಿಟ್ಟುಕೊಟ್ಟು ದೇಶದ ಆಸ್ತಿಯನ್ನು ಕಾಯುತ್ತದೋ ಆ ಕುಟುಂಬಕ್ಕೆ ಬೇಗನೆ ಉತ್ತರ ಸಿಗುವದು ದಯೆಯಲ್ಲ, ಹಕ್ಕು. ಪ್ರವಾಸಿಗಳಿಂದ ಬರುವ ಆದಾಯದಲ್ಲಿ ಒಂದು ಪಾಲು ಆ ಓಣಿಗಳ ನೀರಿಗೂ ದಾರಿಗೂ ಶಾಲೆಗೂ ಸಂದರೆ ಕಾಯಿದೆಯ ಬೇಲಿಗಿಂತ ಬಲವಾದ ಬೇಲಿಯು ಎದ್ದು ನಿಲ್ಲುವದು.

ಅವಶೇಷಗಳಿಗೆ ಮನೆ ಕಟ್ಟುವ ಬಡವನಿಗಿಂತ ದೊಡ್ಡ ಶತ್ರುವು ನಿಧಿಯ ದುರಾಸೆಯೇ. ಹಳೆಯ ಗುಡಿಯ ಕೆಳಗೆ ಹೊನ್ನಿನ ಕೊಪ್ಪರಿಗೆ ಇದೆಯೆಂದು ನಂಬಿ, ಅಮಾವಾಸ್ಯೆಯ ರಾತ್ರಿ ಲಿಂಗವನ್ನು ಕಿತ್ತು, ಗರ್ಭಗೃಹವನ್ನು ತೋಡಿದ ಸಂಗತಿಗಳು ನಮ್ಮ ರಾಜ್ಯದಲ್ಲಿ ಮೇಲಿಂದ ಮೇಲೆ ವರ್ತಮಾನಪತ್ರಗಳಲ್ಲಿ ಬರುತ್ತವೆ. ಹೀಗೆ ತೋಡಿದವರಿಗೆ ದೊರೆಯುವದು ಮಣ್ಣು. ನಾಡಿಗೆ ಆಗುವದು ತುಂಬಲಾರದ ನಷ್ಟ. ಗುಡಿಯನ್ನು ಕಟ್ಟಿದವರು ತಮ್ಮ ಹಣವನ್ನು ಕಟ್ಟಡದಲ್ಲಿಯೇ ಇಟ್ಟರು, ಅದರ ಕೆಳಗಲ್ಲ. ಮನೆಯ ಪಾಯವನ್ನು ತೋಡುವಾಗಲೋ ಬಾವಿಯನ್ನು ಅಗೆಯುವಾಗಲೋ ನಿಜವಾಗಿಯೂ ನಾಣ್ಯ, ಮೂರ್ತಿ, ಶಾಸನ, ಹಳೆಯ ಇಟ್ಟಿಗೆಯ ಗೋಡೆ ಏನಾದರೂ ಕಂಡರೆ ಕೆಲಸವನ್ನು ಅಲ್ಲಿಗೆ ನಿಲ್ಲಿಸಿ, ಗ್ರಾಮಪಂಚಾಯತಿಗೂ ತಹಶೀಲ್ದಾರರಿಗೂ ತಿಳಿಸಬೇಕು. ಧಾರವಾಡದಲ್ಲಿ ಪುರಾತತ್ತ್ವ ಇಲಾಖೆಯ ವಲಯ ಕಚೇರಿ ಇದೆ. ನೆಲದಲ್ಲಿ ದೊರೆತ ನಿಧಿಯ ವಿಷಯವಾಗಿ ಬ್ರಿಟಿಷರ ಕಾಲದಲ್ಲಿ ೧೮೭೮ರಲ್ಲಿಯೂ, ನಮ್ಮ ರಾಜ್ಯದಲ್ಲಿ ೧೯೬೨ರಲ್ಲಿಯೂ ಕಾಯಿದೆಗಳಾಗಿವೆ. ದೊರೆತದ್ದನ್ನು ಸರಕಾರಕ್ಕೆ ತಿಳಿಸಬೇಕು, ಬಚ್ಚಿಟ್ಟರೆ ಅಪರಾಧ ಎಂಬುದೇ ಎರಡರ ತಾತ್ಪರ್ಯ.

ನಮ್ಮ ಸೀಮೆಯ ಕೀರ್ತಿಯು ಈಗ ಲೋಕವಿಖ್ಯಾತವಾಗಿದೆ. ಪಟ್ಟದಕಲ್ಲಿನ ಗುಡಿಗಳು ೧೯೮೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಐಹೊಳೆ ಬಾದಾಮಿಗಳನ್ನೂ ಅದರೊಡನೆ ಸೇರಿಸಬೇಕೆಂಬ ಸೂಚನೆಯು ೨೦೧೫ರಲ್ಲಿ ತಾತ್ಪೂರ್ತಿಕ ಪಟ್ಟ‌ಿಗೆ ಹೋಯಿತು. ಆದರೆ ಲೋಕದ ಪಟ್ಟಿಗಿಂತ ಮನೆಯ ಸಂಸ್ಕಾರವು ಹೆಚ್ಚಿನದು. ಹೊಲದಲ್ಲಿ ಸಿಕ್ಕ ಹಳೆಯ ಇಟ್ಟಿಗೆಯನ್ನು ಒಲೆಗೆ ಹಚ್ಚುವದೋ ಇದ್ದಲ್ಲಿ ಬಿಡುವದೋ ಎಂಬುದನ್ನು ಗೊತ್ತುಮಾಡುವವಳು ಆ ಮನೆಯ ಹೆಣ್ಣುಮಗಳು. ಅವಳಿಗೆ ಕಾರಣವನ್ನು ತಿಳಿಸಿದರೆ ಕಾವಲುಗಾರರ ಅವಶ್ಯಕತೆಯು ಬಹಳಷ್ಟು ಕಡಿಮೆಯಾಗುವದು. ಹೆಣ್ಣುಮಕ್ಕಳ ಶಾಲೆಯು ಈ ವಿಷಯವನ್ನು ಕಲಿಸತಕ್ಕದ್ದು ಇದೇ ಕಾರಣದಿಂದ.

ಕರ್ತನು ಹೇಳಿದ ಸಾಮ್ಯಗಳಲ್ಲಿ ಹೊಲದಲ್ಲಿ ಹೂಳಿಟ್ಟ ದ್ರವ್ಯದ ಮಾತು ಬರುತ್ತದೆ. ಅದನ್ನು ಕಂಡ ಮನುಷ್ಯನು ಕೂಡಲೆ ಎತ್ತಿಕೊಂಡು ಓಡಲಿಲ್ಲ. ತಿರಿಗಿ ಮುಚ್ಚಿಟ್ಟು, ತನಗಿದ್ದದ್ದನ್ನೆಲ್ಲ ಮಾರಿ ಆ ಹೊಲವನ್ನು ಕೊಂಡುಕೊಂಡನು. ಆ ಸಾಮ್ಯದ ಆತ್ಮಿಕವಾದ ಅರ್ಥವು ಬೇರೆಯಾದರೂ, ಬೆಲೆಯುಳ್ಳದ್ದನ್ನು ಬೆಲೆಯುಳ್ಳದ್ದೆಂದು ಬಲ್ಲವನು ಅದನ್ನು ಮುಚ್ಚಿ ಕಾಯುತ್ತಾನೆಂಬ ಲೋಕನೀತಿಯೂ ಅದರಲ್ಲಿದೆ. ಯಾವ ಮತದವರೇ ಆಗಲಿ, ಯಾವ ಓಣಿಯವರೇ ಆಗಲಿ, ಮಲಪ್ರಭೆಯ ಈ ನೆಲದಲ್ಲಿ ಹುಟ್ಟಿದವರೆಲ್ಲರಿಗೂ ಆ ಇಟ್ಟಿಗೆಯ ಗುಡಿಯಲ್ಲಿ ಪಾಲುಂಟು. ನಮ್ಮ ಕಾಲದಲ್ಲಿ ಅದನ್ನು ಪೂರ್ಣವಾಗಿ ನೋಡುವ ಭಾಗ್ಯವು ನಮಗೆ ದೊರೆಯದೆ ಹೋಗಬಹುದು. ಮುಂದೆ ಹೆಚ್ಚಿನ ವಿದ್ಯೆಯೂ ಮೃದುವಾದ ಕೈಯೂ ಉಳ್ಳವರು ಬಂದು ತೆರೆದು ನೋಡುವ ದಿನದ ವರೆಗೆ ಅದನ್ನು ಕೆಡದಂತೆ ಕಾಯ್ದುಕೊಟ್ಟೆವೆಂಬ ಹೆಸರಾದರೂ ನಮ್ಮ ಪಾಲಿಗೆ ಬರಲಿ. ಆ ಬಂದವರಲ್ಲಿ ನಮ್ಮ ಶಾಲೆಯ ಒಬ್ಬ ಹೆಣ್ಣುಮಗಳೂ ಇರಲೆಂಬುದೇ ನಮ್ಮೆಲ್ಲರ ಪ್ರಾರ್ಥನೆ.